ಅಕ್ಕನ ಚಪ್ಪಲಿ

ಹೋದ ಭಾನುವಾರ ಮುಂಬೈಲಿ ನಮ್ಮ ಸಂಘದ ಹಾಲ್‌ನಲ್ಲಿ ಪ್ರೊಜೆಕ್ಟರ್ ಹಾಕಿ ಮಕ್ಕಳಿಗೆ ‘ಮ್ಯಾನ್ ಆಫ್ ಆರಾನ್’ ತೋರಿಸಿದ್ವಿ. 1934ರ ಬ್ಲ್ಯಾಕ್ ಅಂಡ್ ವೈಟ್ ಡಾಕ್ಯುಮೆಂಟರಿ, ರಾಬರ್ಟ್ ಫ್ಲಾಹರ್ಟಿ ತೆಗ್ದಿದ್ದು, ಐರ್ಲೆಂಡಿನ ಪಶ್ಚಿಮಕ್ಕಿರೋ ಆರಾನ್ ದ್ವೀಪದ ಮೀನುಗಾರರ ಕತೆ. ಮಣ್ಣೇ ಇಲ್ಲದ ಬಂಡೆ ಊರು, ಕಡಲ ಪಾಚಿ ಹೊತ್ತು ತಂದು ಹಾಸಿ ಅದ್ರಲ್ಲೇ ಆಲೂಗಡ್ಡೆ ಬೆಳೀತಾರೆ.

ಹತ್ತೇ ನಿಮಿಷಕ್ಕೆ ಮಕ್ಕಳು ವಡಾಪಾವ್ ಯಾವಾಗ ಅಂತ ಶುರು ಮಾಡ್ತಾರೆ ಅಂದ್ಕೊಂಡಿದ್ದೆ. ಆದ್ರೆ ಅದ್ರಲ್ಲೊಬ್ಬ ಹುಡುಗ ಇದ್ದಾನೆ ನೋಡಿ, ಬಂಡೆ ಸಂದಿ ನೀರಲ್ಲಿ ಏಡಿ ಹುಡುಕ್ತಾನೆ, ಆಮೇಲೆ ನೋಡಿದ್ರೆ ತಲೆ ತಿರುಗೋ ಅಂಥ ಎತ್ತರದ ತುದೀಲಿ ಆರಾಮಾಗಿ ಕೂತು ಕೆಳಗಿನ ಕಡಲಿಗೆ ಗಾಳ ಬಿಡ್ತಾನೆ. ಹಾಲ್ ಗಪ್‌ಚುಪ್. ಒಂದು ಪುಟ್ಟಿ ಮಾತ್ರ ಮೆಲ್ಲಗೆ ಕೇಳ್ತು, “ಅಂಕಲ್, ಅವ್ನ ಮಮ್ಮಿ ಎಲ್ಲಿ?” ಪಾಪ, ಅವಳಿಗೆ ಲಿಫ್ಟಲ್ಲಿ ಒಬ್ಳೇ ಇಳಿಯೋಕೂ ಪರ್ಮಿಷನ್ ಇಲ್ಲ.

ಸಿನಿಮಾ ಮುಗಿದ್ಮೇಲೆ ಮೈಕ್ ನನ್ನ ಕೈಗೆ ಬಂತು (ನನ್ನಂಥ ಸಂಪಾದಕರ ಕೈಗೆ ಮೈಕ್ ಕೊಡ್ಬಾರ್ದು). ಮಲ್ಪೆಯ ಬಾಲ್ಯ ಬಿಚ್ಚಿದೆ. ಕೈರಂಪಣಿ (ದಡದಿಂದ ಕೈಯಲ್ಲೇ ಎಳೆಯೋ ದೊಡ್ಡ ಬಲೆ) ಎಳೆಯುವಾಗ ಊರಿಗೂರೇ ದಡದಲ್ಲಿ ಸಾಲಾಗಿ ನಿಂತು ಹಗ್ಗ ಎಳೀತಿದ್ದದ್ದು, ನಾವು ಚಿಳ್ಳೆಗಳು ಹಗ್ಗದ ಬಾಲ ಹಿಡಿದು ನಾವೇ ಎಳೆದ ಹಾಗೆ ಬೊಬ್ಬೆ ಹೊಡೆದು ಕೊನೆಗೆ ಒಂದು ಹಿಡಿ ಬಂಗುಡೆ ಪಾಲು ತಗೊಂಡು ಮನೆಗೆ ಓಡ್ತಿದ್ದದ್ದು, ಮಳೆಗಾಲದಲ್ಲಿ ದಕ್ಕೆಲಿ, ಅಂದ್ರೆ ಬೋಟ್ ನಿಲ್ಲೋ ಕಟ್ಟೆ ಹತ್ರ, ಬೋಟ್ ಎಲ್ಲ ಕಟ್ಟಿ ಹಾಕಿದಾಗ (ಈಗ ಜೂನ್ 1ರಿಂದ ಜುಲೈ 31ರ ತನಕ ಬಂದ್) ಬೋಟಿಂದ ಬೋಟಿಗೆ ಹಾರ್ತಿದ್ದದ್ದು. ಭಾರೀ ಚಪ್ಪಾಳೆ.

ರಾತ್ರಿ ಊರಿಗೆ ಫೋನ್ ಮಾಡಿ ಅಕ್ಕನಿಗೆ ಹೇಳಿದ್ರೆ ಬಿದ್ದು ಬಿದ್ದು ನಕ್ಳು. “ಹಾರಿದ್ದು ನಾನು ಮಾರಾಯ. ನೀನು ದಕ್ಕೆಲಿ ನನ್ನ ಚಪ್ಪಲಿ ಹಿಡ್ಕೊಂಡು ಅಳ್ತಾ ನಿಂತಿರ್ತಿದ್ದೆ.”

ನಾನೇನು ಸುಳ್ಳು ಹೇಳ್ಬೇಕು ಅಂತ ಹೇಳಿದ್ದಲ್ಲ, ನೆನಪಲ್ಲಿ ನಾನೇ ಹಾರಿದ್ದೀನಿ. ಫ್ಲಾಹರ್ಟಿನೂ ಹೀಗೇ ಅಲ್ವಾ. ಆ ಅಪ್ಪ ಅಮ್ಮ ಮಗ ನಿಜವಾದ ಒಂದೇ ಮನೆಯವ್ರಲ್ಲ, ದ್ವೀಪದಲ್ಲಿ ಮುಖ ನೋಡಿ ಆರಿಸಿ ಸೇರಿಸಿದ್ದು. ಶಾರ್ಕ್ ಬೇಟೆ ಅಲ್ಲಿ ಯಾವತ್ತೋ ನಿಂತು ಹೋಗಿತ್ತು, ಕ್ಯಾಮೆರಾಗೋಸ್ಕರ ಆ ಜನಕ್ಕೆ ಮತ್ತೆ ಕಲಿಸ್ಬೇಕಾಯ್ತು. ಅಲೆ ಮಾತ್ರ ಅಸಲಿ, ಆ ಅಲೆಯಲ್ಲಿ ಜೀವ ಕೈಲಿ ಹಿಡಿದು ದೋಣಿ ಹೊಡೆದವ್ರೂ ಅಸಲಿ. ಆ ಹುಡುಗನ ಜೊತೆ ಆಡ್ತಿದ್ದ ಹುಡುಗೀರೂ ಇದ್ದಿರ್ಬೇಕು, ಯಾಕೋ ನನಗೆ ಈಗ ಅವರದ್ದೇ ಯೋಚನೆ.

ಮುಂದಿನ ತಿಂಗಳು ಮಕ್ಕಳನ್ನ ಇಲ್ಲಿನ ಮೀನುಗಾರರ ಕೇರಿ ವರ್ಸೋವಾ ಕೋಳಿವಾಡಕ್ಕೆ ಕರ್ಕೊಂಡು ಹೋಗ್ತಿದ್ದೀವಿ. ಬರೀ ದಡದಲ್ಲಿ ನಿಂತು ಬಲೆ ಹೊಲಿಯೋದು ನೋಡೋದಷ್ಟೇ, ಆದ್ರೂ ಇಬ್ರು ತಾಯಂದಿರು ಲೈಫ್ ಜಾಕೆಟ್ ಇದ್ಯಾ ಅಂತ ಆಗ್ಲೇ ಕೇಳಿದ್ದಾರೆ. ಅಕ್ಕ ಆ ವಾರ ಮುಂಬೈಲೇ ಇರ್ತಾಳೆ. ಈ ಸಲ ಮೈಕ್ ಅವಳಿಗೆ, ಚಪ್ಪಲಿ ನನಗೆ.