ಉಣುಗು ಬಂದದ್ದು ಸಾಕಿದವರ ತಪ್ಪೇ?

ಮಾನ್ಯ ಸಂಪಾದಕರೇ,

ಸಾಕು ನಾಯಿ–ಬೆಕ್ಕುಗಳ ಉಣುಗು, ಚಿಗಟದ ಬಗ್ಗೆ ಶಿರಸಿಯಲ್ಲಿ ನಡೆದ ಮಾಹಿತಿ ಸಭೆಯ ವರದಿಯನ್ನು ಶನಿವಾರದ ಜಿಲ್ಲಾ ಪುಟದಲ್ಲಿ ಓದಿದೆ. ಓದಿ ಮೈ ಉರಿಯಿತು. ಸಂಶೋಧನೆ ಬೇಕಾದಷ್ಟು ಆಗಿದೆಯಂತೆ, ಹೊಸ ಔಷಧಗಳು ಬಂದಿವೆಯಂತೆ, ಆದರೂ ಉಣುಗು ಹೋಗದಿದ್ದರೆ ಅದಕ್ಕೆ ಸಾಕಿದವರ ನಿರ್ಲಕ್ಷ್ಯವೇ ಕಾರಣವಂತೆ, ವಾರಕ್ಕೊಮ್ಮೆ ಸ್ನಾನ ಮಾಡಿಸಿದರೆ ಸಾಕಂತೆ. ಹೀಗೆಂದು ವೇದಿಕೆಯ ಮೇಲೆ ಹೇಳಿದ ಅಧಿಕಾರಿಗೆ ನಮ್ಮ ಮನೆಯಲ್ಲಿ ಗುರುವಾರ ರಾತ್ರಿ ಏನಾಯಿತೆಂದು ತಿಳಿಯಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ತೋಟದ ಮನೆ. ಒಂದು ನಾಯಿ, ಕರಿಯ. ಒಂದು ಬೆಕ್ಕು, ಚಿನ್ನಿ. ಮಳೆ ಬಿಟ್ಟ ಮೇಲೆ ಕರಿಯನ ಕಿವಿಯ ಒಳಗೆ, ಕಾಲ್ಬೆರಳ ಸಂದಿಯಲ್ಲಿ ಉಣುಗು ಕಚ್ಚಿಕೊಂಡಿದ್ದವು. ಚಿನ್ನಿಗೆ ಚಿಗಟ. ನಮ್ಮ ಹೋಬಳಿಯ ಪಶು ಆಸ್ಪತ್ರೆಗೆ ಆ ವಾರ ಎರಡು ಸಲ ಹೋದೆ. ಮೊದಲ ದಿನ ಬಾಗಿಲು ಹಾಕಿತ್ತು. ಎರಡನೆಯ ದಿನ ಬಾಗಿಲು ತೆಗೆದಿತ್ತು, ವೈದ್ಯರಿರಲಿಲ್ಲ. ಅವರಿಗೆ ಇನ್ನೆರಡು ಕಡೆಯ ಪ್ರಭಾರವಂತೆ. ಪೇಟೆಗೆ ಹೋಗಿ ಔಷಧ ಅಂಗಡಿಯಲ್ಲಿ ಕೇಳಿದೆ. ನಾಯಿಯ ಬೆನ್ನಿಗೆ ಹಾಕುವ ಸಣ್ಣ ಟ್ಯೂಬ್ ಕೊಟ್ಟರು. ಬೆಕ್ಕಿಗೆ ಏನು ಹಾಕಲಿ ಎಂದರೆ, 'ಅದನ್ನೇ ಅರ್ಧ ಹಾಕಿ, ಏನೂ ಆಗೂದಿಲ್ಲ' ಅಂದರು. ಟ್ಯೂಬಿನ ಮೇಲೆ ಬರೆದದ್ದು ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿಗಿಂತ ಸಣ್ಣ ಅಕ್ಷರದಲ್ಲಿ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದವಳು ನಾನು, ನನ್ನ ಕನ್ನಡಕಕ್ಕೂ ಅದು ಕಾಣಲಿಲ್ಲ.

ಸಂಜೆ ಆರಕ್ಕೆ ಹಾಕಿದೆ. ಹತ್ತು ಗಂಟೆಯ ಹೊತ್ತಿಗೆ ಚಿನ್ನಿಯ ಕಿವಿ ಅದುರತೊಡಗಿತು. ಆಮೇಲೆ ಮೈಯೆಲ್ಲ ನಡುಕ, ಬಾಯಲ್ಲಿ ಜೊಲ್ಲು, ಕಣ್ಣಾಲಿ ದೊಡ್ಡದಾಯಿತು. ಹನ್ನೊಂದೂವರೆಗೆ ಫಿಟ್ಸ್. ಫೋನ್ ಮಾಡೋಣವೆಂದರೆ ಮನೆಯೊಳಗೆ ಸಿಗ್ನಲ್ ಇಲ್ಲ, ಅಂಗಳದ ತುದಿಗೆ ಹೋಗಿ ನಿಲ್ಲಬೇಕು. ನನ್ನ ಹಳೆಯ ವಿದ್ಯಾರ್ಥಿಯೊಬ್ಬಳು ಬೇರೆ ಜಿಲ್ಲೆಯಲ್ಲಿ ಪಶುವೈದ್ಯೆ. ಆ ಅಪರಾತ್ರಿಯಲ್ಲಿ ಫೋನ್ ಎತ್ತಿದಳು, ಅವಳ ಹೊಟ್ಟೆ ತಣ್ಣಗಿರಲಿ. 'ಟೀಚರ್, ಟ್ಯೂಬಿನ ಮೇಲೆ ಪರ್ಮೆಥ್ರಿನ್ ಅಂತ ಇದೆಯಾ ನೋಡಿ' ಅಂದಳು. ನಮ್ಮನೆಯವರು ಭೂತಗನ್ನಡಿ ಹಿಡಿದು ಓದಿದರು. ಇತ್ತು. ಪಾತ್ರೆ ತೊಳೆಯುವ ಸೋಪು ಹಾಕಿ ಉಗುರು ಬೆಚ್ಚನೆಯ ನೀರಿನಲ್ಲಿ ತೊಳೆಯಿರಿ, ಒರೆಸಿ ಬೆಚ್ಚಗೆ ಸುತ್ತಿ, ತಡ ಮಾಡದೆ ದೊಡ್ಡ ಆಸ್ಪತ್ರೆಗೆ ಹೊರಡಿ ಅಂದಳು. ಬಾಡಿಗೆ ಕಾರು ಮಾಡಿಕೊಂಡು ಹುಬ್ಬಳ್ಳಿಗೆ ಹೋದೆವು. ಶಿರಸಿಯಿಂದ ಸುಮಾರು 100 ಕಿಲೋಮೀಟರ್. ದಾರಿಯುದ್ದಕ್ಕೂ ಟವೆಲಿನೊಳಗೆ ಅದು ಸೆಟೆದುಕೊಳ್ಳುತ್ತಿತ್ತು. ಕಾರಿಗೆ 4,500 ರೂಪಾಯಿ, ಚಿಕಿತ್ಸೆಗೆ ಬೇರೆ. ಎರಡು ದಿನ ಅಲ್ಲೇ ನೆಂಟರ ಮನೆಯಲ್ಲಿ ಉಳಿದೆವು. ತೋಟಕ್ಕೆ ನೀರು ಬಿಡುವವರಿಲ್ಲ, ಹಾಲು ಕರೆಯಲು ಪಕ್ಕದ ಮನೆಯವರ ಕಾಲು ಹಿಡಿಯಬೇಕಾಯಿತು. ಚಿನ್ನಿ ಬದುಕಿದೆ. ಮನೆಗೆ ಬಂದು ಪೇಪರ್ ಬಿಡಿಸಿದರೆ ಈ ವರದಿ.

ನಾಯಿಗೆ ತೊಂದರೆಯಿಲ್ಲದ ಔಷಧ ಬೆಕ್ಕಿಗೆ ವಿಷವಾಗುವುದು ಯಾಕೆಂದು ಆ ಹುಡುಗಿ ಮರುದಿನ ವಿವರವಾಗಿ ಹೇಳಿದಳು. ಪರ್ಮೆಥ್ರಿನ್ನನ್ನು ಒಡೆದು ಮೈಯಿಂದ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಅದು ಒಳಗೇ ಉಳಿದು ನರಗಳನ್ನು ಕೆರಳಿಸುತ್ತದೆ. ನಾಯಿಗೆ ಹಾಕುವ ಕೆಲವು ಟ್ಯೂಬುಗಳಲ್ಲಿ ಶೇ 45ರಿಂದ 65ರಷ್ಟು ಅದೇ ಇರುತ್ತದೆ. ಅರ್ಧ ಹಾಕಿದರೂ, ಕಾಲು ಹಾಕಿದರೂ ಬೆಕ್ಕಿಗೆ ಹೆಚ್ಚೇ. ಔಷಧ ಹಾಕಿದ ನಾಯಿಯ ಮೈ ಒಣಗುವ ಮೊದಲು ಬೆಕ್ಕು ಅದರ ಮಗ್ಗುಲಲ್ಲಿ ಮಲಗಿದರೂ ಅಪಾಯ. ಅಮಿಟ್ರಾಜ್ ಎಂಬ ಔಷಧವೂ ಬೆಕ್ಕಿಗೆ ಆಗದು. ಇದು ನಿನ್ನೆ ಮೊನ್ನೆ ಕಂಡುಹಿಡಿದದ್ದಲ್ಲ, ಪಶುವೈದ್ಯರಿಗೆಲ್ಲ ಗೊತ್ತಿರುವ ಸಂಗತಿ. ಅಂಗಡಿಯ ಕಟ್ಟೆಯ ಮೇಲೆ 'ನಾಯಿ ಔಷಧ ಬೆಕ್ಕಿಗೆ ಹಾಕಬೇಡಿ' ಎಂದು ಕನ್ನಡದಲ್ಲಿ ಒಂದು ಚೀಟಿ ಅಂಟಿಸಿದ್ದರೆ ನಾನು ಹಾಕುತ್ತಿದ್ದೆನೇ? ಆ ಚೀಟಿ ಅಂಟಿಸಿ ಎಂದು ಅಂಗಡಿಯವರಿಗೆ ಹೇಳಬೇಕಾದವರು ಯಾರು?

ಇನ್ನು ಸ್ನಾನದ ಮಾತು. ನಾನು ಕರಿಯನಿಗೆ ವಾರಕ್ಕೊಮ್ಮೆ ಅಲ್ಲ, ಎರಡು ಸಲ ಸ್ನಾನ ಮಾಡಿಸಿದವಳು. ಬೇವಿನ ಎಣ್ಣೆ ಹಚ್ಚಿದ್ದೇನೆ, ಸೀತಾಫಲದ ಬೀಜ ಅರೆದು ಹಚ್ಚಿದ್ದೇನೆ, ಚಿಮಣಿ ಎಣ್ಣೆಯಲ್ಲಿ ಅದ್ದಿದ ಬಟ್ಟೆ ಹಿಡಿದು ಒಂದೊಂದೇ ಉಣುಗು ಕಿತ್ತಿದ್ದೇನೆ. ಹೋಗುವುದಿಲ್ಲ, ಯಾಕೆಂದರೆ ಅದು ನಾಯಿಯ ಮೈಮೇಲಷ್ಟೇ ಇಲ್ಲ. ನಾಯಿಗೆ ಹತ್ತುವ ಕಂದು ಉಣುಗು ಜೀವಮಾನದಲ್ಲಿ ಮೂರು ಸಲ ರಕ್ತ ಹೀರುತ್ತದೆ: ಮರಿಯಿದ್ದಾಗ, ನಡುವಯಸ್ಸಿನಲ್ಲಿ, ಬೆಳೆದ ಮೇಲೆ. ಪ್ರತಿ ಸಲವೂ ಹೊಟ್ಟೆ ತುಂಬಿದ ಮೇಲೆ ಉದುರಿ ಗೋಡೆಯ ಬಿರುಕಿಗೆ, ಬಾಗಿಲ ಚೌಕಟ್ಟಿನ ಸಂದಿಗೆ ಹೋಗಿ ಅಡಗುತ್ತದೆ. ಗೋಡೆ ಹತ್ತಿ ಮಾಡಿನವರೆಗೂ ಹೋದದ್ದನ್ನು ನಮ್ಮ ಜಗಲಿಯಲ್ಲೇ ನೋಡಿದ್ದೇನೆ. ಹೆಣ್ಣು ಉಣುಗು ಒಮ್ಮೆಗೆ ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತದೆ. ಅಡಗಿ ಕುಳಿತ ಉಣುಗು ಆಹಾರವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ. ಚಿಗಟದ್ದೂ ಹಾಗೆಯೇ. ಪ್ರಾಣಿಯ ಮೈಮೇಲೆ ನಮಗೆ ಕಾಣುವುದು ಒಟ್ಟು ಚಿಗಟದಲ್ಲಿ ಶೇ 5ರಷ್ಟಂತೆ. ಉಳಿದದ್ದು ಮೊಟ್ಟೆ, ಹುಳು, ಗೂಡಿನ ರೂಪದಲ್ಲಿ ಚಾಪೆ, ಕಂಬಳಿ, ನೆಲದ ಧೂಳಿನಲ್ಲಿರುತ್ತದೆ. ಗೂಡಿನೊಳಗಿನ ಚಿಗಟ ನಮ್ಮ ಹೆಜ್ಜೆಯ ಸದ್ದಿಗೆ, ಮೈಯ ಶಾಖಕ್ಕೆ ಕಾದು ಕುಳಿತಿರುತ್ತದೆ. ಮನೆಯನ್ನೂ ಪ್ರಾಣಿಯನ್ನೂ ಒಟ್ಟಿಗೆ ನೋಡಿಕೊಂಡು ಮೂರು ತಿಂಗಳು ಬಿಡದೆ ಮಾಡಿದರೆ ಮಾತ್ರ ಹತೋಟಿಗೆ ಬರುತ್ತದೆ. ಸಭೆಯಲ್ಲಿ ಇದನ್ನು ಹೇಳಬೇಕಿತ್ತು. ಸ್ನಾನ ಮಾಡಿಸಿ ಎಂದು ಹೇಳಲು ಅಷ್ಟು ಓದಬೇಕೇ?

2014ರ ಸುಮಾರಿಗೆ ಬಂದ ಫ್ಲುರಾಲನರ್‌ನಂಥ ಗುಳಿಗೆಗಳೂ ಇವೆ. ನಾಯಿ ಒಂದನ್ನು ತಿಂದರೆ ಔಷಧ ರಕ್ತದಲ್ಲಿದ್ದು, ಕಚ್ಚಿದ ಉಣುಗು–ಚಿಗಟ ಸಾಯುತ್ತವೆ. 12 ವಾರದವರೆಗೆ ಕೆಲಸ ಮಾಡುತ್ತದೆ. ಆದರೆ ಫಿಟ್ಸ್ ಬರುವ ನಾಯಿಗೆ ಕೊಡುವಾಗ ಎಚ್ಚರ ಬೇಕೆಂದು 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ತಿಳಿಸಿದೆ. ಅಂದರೆ ನಾಯಿಯ ತೂಕ ನೋಡಿ, ಹಿಂದಿನ ಕಾಯಿಲೆ ಕೇಳಿ ಕೊಡಲು ವೈದ್ಯರೊಬ್ಬರು ಎದುರಿಗಿರಬೇಕು. ಬಾಗಿಲು ಹಾಕಿದ ಆಸ್ಪತ್ರೆಯ ಮುಂದೆ ನಿಂತವರು ಯಾರನ್ನು ಕೇಳುವುದು?

ಅದೇ ಸಭೆಯಲ್ಲಿ ಮಂಗನ ಕಾಯಿಲೆಯನ್ನೂ ನಾಯಿಯ ಉಣುಗನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದು ವರದಿಯಲ್ಲಿದೆ. ಅದರ ಫಲ ನಮ್ಮೂರಿನಲ್ಲಿ ಆಗಲೇ ಕಾಣುತ್ತಿದೆ. ಭಾನುವಾರ ಬೆಳಿಗ್ಗೆಯೇ ಪಕ್ಕದ ಕೇರಿಯವರು ಬಂದು 'ಟೀಚರ್, ನಾಯಿ ಎಲ್ಲಿಯಾದ್ರೂ ಬಿಟ್ಟು ಬನ್ನಿ, ಮಕ್ಕಳಿರೋ ಮನೆ ನಮ್ಮದು' ಎಂದರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ಕಾಯಿಲೆಯನ್ನು ಮುಖ್ಯವಾಗಿ ಹರಡುವುದು ಹೀಮಾಫೈಸಾಲಿಸ್ ಎಂಬ ಕಾಡಿನ ಉಣುಗು, ಮನೆ ಗೋಡೆಯಲ್ಲಿ ಹರಿಯುವ ಕಂದು ಉಣುಗಲ್ಲ. ಬೆಟ್ಟಕ್ಕೆ ದರಕು (ಒಣ ಎಲೆ) ತರಲು ಹೋಗುವವರು, ದನ ಮೇಯಿಸುವವರು ಎಚ್ಚರ ವಹಿಸಬೇಕಾದದ್ದು ನಿಜ, ಕಾಡು ಸುತ್ತಿ ಬಂದ ನಾಯಿಯ ಮೈ ನೋಡಬೇಕಾದದ್ದೂ ನಿಜ. ಹಾಗೆಂದು ಬಿಡಿಸಿ ಹೇಳದೆ ಎರಡನ್ನೂ ಕಲಸಿಬಿಟ್ಟರೆ ಜನ ನಾಯಿಗಳನ್ನು ರಸ್ತೆಗೆ ತಂದು ಬಿಡುತ್ತಾರೆ. ಆಮೇಲೆ ಬೀದಿನಾಯಿ ಹೆಚ್ಚಾದವು ಎಂದು ಇನ್ನೊಂದು ಸಭೆ.

ಕರಿಯನಿಗಿಂತ ಮೊದಲು ನಮ್ಮಲ್ಲಿ ರಾಜು ಇದ್ದ. ಅವನು ಉಣುಗು ಜ್ವರದಲ್ಲೇ ಸತ್ತದ್ದು ಎಂದು ಈಗ ಅನಿಸುತ್ತದೆ. ಒಸಡು ಬಿಳಚಿತ್ತು, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿತ್ತು. ಅಂದು ನೋಡಿದವರು ಜ್ವರದ ಇಂಜೆಕ್ಷನ್ ಕೊಟ್ಟು ಕಳಿಸಿದರು. ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದ್ದರೆ ಬೆಬೇಸಿಯಾ ಎಂಬ ಪರೋಪಜೀವಿ ಇದ್ದರೆ ಕಾಣುವ ಸಾಧ್ಯತೆಯಿತ್ತಂತೆ. ಯಾರೂ ನೋಡಲಿಲ್ಲ. 2022ರಲ್ಲಿ ದನಗಳಿಗೆ ಚರ್ಮಗಂಟು ರೋಗ ಬಂದಾಗಲೂ ನಮ್ಮ ಕೊಟ್ಟಿಗೆಗೆ ಲಸಿಕೆ ಬಂದದ್ದು ಆಕಳು ಮಲಗಿದ ಮೇಲೆ. ಆಗ ಬರೆದ ಅರ್ಜಿಗೆ ಇವತ್ತಿಗೂ ಉತ್ತರವಿಲ್ಲ. ಮನುಷ್ಯರಿಗೇ ಒಂದು ದೊಡ್ಡ ಆಸ್ಪತ್ರೆ ಕೊಡಿ ಎಂದು ಈ ಜಿಲ್ಲೆಯವರು ವರ್ಷಗಟ್ಟಲೆ ಕೂಗಿದ್ದಾರೆ. ಅಪಘಾತವಾದರೆ ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಓಡಬೇಕು. ಬೆಕ್ಕನ್ನು ಎತ್ತಿಕೊಂಡು ನಾನೂ ಅದೇ ದಾರಿಯಲ್ಲಿ ಓಡಿದೆ. ಫೈಲು ಹಿಡಿದುಕೊಂಡು ಕಾರವಾರಕ್ಕೆ ಹೋದರೆ ಶಿರಸಿಯಲ್ಲಿ ಕೇಳಿ ಅನ್ನುತ್ತಾರೆ, ಶಿರಸಿಯಲ್ಲಿ ಕೇಳಿದರೆ ಕಾರವಾರದಿಂದ ಬರಬೇಕು ಅನ್ನುತ್ತಾರೆ. ಘಟ್ಟ ಹತ್ತಿ ಇಳಿದು ನಮ್ಮ ಕಾಲು ಸವೆಯಿತು.

ಆದ್ದರಿಂದ ಸಂಬಂಧಪಟ್ಟವರು ಕೂಡಲೇ ಕ್ರಮ ಕೈಗೊಳ್ಳಬೇಕು. ಹೋಬಳಿ ಆಸ್ಪತ್ರೆಗಳಿಗೆ ಕಾಯಂ ವೈದ್ಯರನ್ನು ಕೊಡಬೇಕು. ಕೊಡಲಾಗದಿದ್ದರೆ ಕೊಡಲಾಗುವುದಿಲ್ಲ ಎಂದು ಬಾಗಿಲಿಗೆ ಬರೆದು ಹಾಕಬೇಕು, ನಾವು ನೇರ ಹುಬ್ಬಳ್ಳಿಗೆ ಹೋಗುತ್ತೇವೆ. ಔಷಧದ ಮೇಲೆ ಕನ್ನಡ ಇರಬೇಕು, ಅಂಗಡಿಯವರಿಗೆ ತಿಳಿವಳಿಕೆ ಕೊಡಬೇಕು, ಇಲ್ಲವಾದರೆ ವೈದ್ಯರ ಚೀಟಿಯಿಲ್ಲದೆ ಮಾರುವುದನ್ನೇ ನಿಲ್ಲಿಸಬೇಕು, ಏನಾದರೊಂದು ಮಾಡಬೇಕು. ಸಾಕಿದವರ ನಿರ್ಲಕ್ಷ್ಯ ಎಂದು ಹೇಳಿದ ಅಧಿಕಾರಿ ಆ ಮಾತನ್ನು ಹಿಂದೆ ತೆಗೆದುಕೊಳ್ಳಬೇಕು. ಚಿನ್ನಿ ಈಗಲೂ ನಡೆಯುವಾಗ ಹಿಂಗಾಲು ಎಳೆಯುತ್ತದೆ. ಅವರು ನಮ್ಮ ಮನೆಗೆ ಬಂದು ಅದನ್ನು ಕಣ್ಣಾರೆ ನೋಡಿ, ಆಮೇಲೆ ನನ್ನ ಎದುರು ನಿಂತು ಆ ಮಾತು ಹೇಳಲಿ.

– ನಿವೃತ್ತ ಶಿಕ್ಷಕಿ, ಶಿರಸಿ ತಾಲ್ಲೂಕು