ಹೆಬ್ಬಾಗಿಲಿಗೆ ಇಂಟರ್‌ನೆಟ್ ಬೀಗ ಬೇಡ, ಅಪ್ಪಯ್ಯ

ಬೆಲ್‌ವ್ಯೂ, ವಾಷಿಂಗ್ಟನ್ ರಾಜ್ಯ
16 ನವೆಂಬರ್ 2025

ತೀರ್ಥರೂಪರಾದ ಅಪ್ಪಯ್ಯನವರ ಪಾದಗಳಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನಾವೆಲ್ಲರೂ ಇಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಇಳಿದಿದೆಯೆಂದು ತಮ್ಮನ ಸಂದೇಶದಿಂದ ತಿಳಿದು ಸಮಾಧಾನವಾಯಿತು. ಅದೇ ಸಂದೇಶದ ಕೊನೆಯಲ್ಲಿ ಅವನು, ಬೆರಳಚ್ಚಿನಿಂದಲೂ ಮೊಬೈಲಿನಿಂದಲೂ ತೆರೆಯುವ, ವೈಫೈಗೆ ಜೋಡಿಸಬೇಕಾದ ಬೀಗವೊಂದನ್ನು ನಮ್ಮ ಹೆಬ್ಬಾಗಿಲಿಗೆ ಹಾಕಿಸುವ ಯೋಚನೆಯನ್ನು ತಿಳಿಸಿದ್ದಾನೆ. ‘ಅಕ್ಕ ಅದೇ ಸಾಫ್ಟ್‌ವೇರ್ ಕ್ಷೇತ್ರದಲ್ಲಿರುವವಳು, ಅವಳು ಒಪ್ಪಿದರೆ ಅಪ್ಪಯ್ಯನೂ ಒಪ್ಪುತ್ತಾರೆ’ ಎಂಬ ಒಕ್ಕಣೆಯನ್ನೂ ಸೇರಿಸಿದ್ದಾನೆ. ಫೋನಿನಲ್ಲಿ ಹೇಳಹೊರಟರೆ ಅವನು ನಡುನಡುವೆ ಬಾಯಿ ಹಾಕುತ್ತಾನಾದ್ದರಿಂದ ಕಾಗದ ಬರೆಯುತ್ತಿದ್ದೇನೆ. ನಾನು ಒಪ್ಪುವುದಿಲ್ಲ. ಅದೇ ಕ್ಷೇತ್ರದಲ್ಲಿರುವುದರಿಂದಲೇ ಒಪ್ಪುವುದಿಲ್ಲ.

ಇಂಥ ಬೀಗಗಳಲ್ಲಿ ಬೆರಳಚ್ಚು ಸಾಮಾನ್ಯವಾಗಿ ಬೀಗದೊಳಗೇ ಉಳಿಯುತ್ತದೆ. ಅದರ ಬಗ್ಗೆ ನನಗೆ ಅಷ್ಟು ತಕರಾರಿಲ್ಲ. ತಮ್ಮ ಮೆಚ್ಚಿಕೊಂಡಿರುವುದು ಶಿವಮೊಗ್ಗದಲ್ಲಿ ಕುಳಿತು ತೀರ್ಥಹಳ್ಳಿಯ ಬಾಗಿಲನ್ನು ತೆರೆಯಬಹುದೆಂಬ ಸೌಲಭ್ಯವನ್ನು. ಅವನು ಮೊಬೈಲಿನಲ್ಲಿ ಗುಂಡಿ ಒತ್ತಿದರೆ ಆ ಕೋರಿಕೆ ನೇರವಾಗಿ ನಮ್ಮ ಮನೆಗೆ ಬರುವುದಿಲ್ಲ. ಎಲ್ಲಿಯೋ ದೂರದಲ್ಲಿ, ಬಹಳ ಸಲ ಬೇರೆ ದೇಶದಲ್ಲಿ, ಬೀಗದ ಕಂಪನಿಯವರು ಬಾಡಿಗೆಗೆ ಹಿಡಿದ ಕಂಪ್ಯೂಟರಿಗೆ ಹೋಗಿ, ಇವನು ಯಾರು, ಇವನಿಗೆ ಅಧಿಕಾರವಿದೆಯೇ ಎಂಬ ವಿಚಾರಣೆ ಮುಗಿಸಿಕೊಂಡು, ಅಲ್ಲಿಂದ ಅಪ್ಪಣೆ ಪಡೆದು ನಮ್ಮ ಚಾವಡಿಯವರೆಗೆ ಬರಬೇಕು. ಆ ಕಂಪ್ಯೂಟರನ್ನು ಕಾಯುವವರು ನನ್ನಂಥವರು. ನಮ್ಮ ಕೆಲಸ ನಡೆಯುವ ರೀತಿಯನ್ನು ಬಲ್ಲವಳಾಗಿ, ಹಲಸಿನ ಮರದ ಆ ಬಾಗಿಲನ್ನು ನಮ್ಮ ಕೈಗೆ ಒಪ್ಪಿಸಬೇಡಿರೆಂದು ಕೇಳಿಕೊಳ್ಳುತ್ತೇನೆ.

2017ರ ಆಗಸ್ಟಿನಲ್ಲಿ ಈ ದೇಶದ ಲಾಕ್‌ಸ್ಟೇಟ್ ಎಂಬ ಕಂಪನಿ ತಾನು ಮಾರಿದ ಬೀಗಗಳಿಗೆ ಇಂಟರ್‌ನೆಟ್ಟಿನ ಮೂಲಕ ಹೊಸ ಸಾಫ್ಟ್‌ವೇರ್ ಕಳುಹಿಸಿತು. ಒಂದು ಮಾದರಿಯ ಬೀಗಕ್ಕಾಗಿ ಬರೆದದ್ದು ಇನ್ನೊಂದು ಮಾದರಿಯ ಬೀಗಗಳಿಗೆ ತಲುಪಿ, ಸುಮಾರು 500 ಬೀಗಗಳು ಕೆಟ್ಟುನಿಂತವು. ಸರಿಯಾದ ಸಾಫ್ಟ್‌ವೇರನ್ನು ಮತ್ತೆ ಕಳುಹಿಸಿ ದುರಸ್ತಿ ಮಾಡೋಣವೆಂದರೆ, ಕೆಟ್ಟ ಬೀಗಗಳು ಇಂಟರ್‌ನೆಟ್ಟಿಗೆ ಸೇರುವ ವಿದ್ಯೆಯನ್ನೇ ಮರೆತಿದ್ದವು. ಬೀಗದ ಹಿಂಭಾಗವನ್ನು ಬಿಚ್ಚಿ ಅಂಚೆಯಲ್ಲಿ ಕಳುಹಿಸಿದರೆ ಐದರಿಂದ ಏಳು ದಿನಗಳಲ್ಲಿ ರಿಪೇರಿ ಮಾಡಿಕೊಡುತ್ತೇವೆ, ಹೊಸದೇ ಬೇಕಾದರೆ ಎರಡು ವಾರಕ್ಕೂ ಹೆಚ್ಚು ಕಾಯಬೇಕು ಎಂದು ಕಂಪನಿ ಗಿರಾಕಿಗಳಿಗೆ ತಿಳಿಸಿತು. ಬೀಗದ ಬೆಲೆ 469 ಡಾಲರ್. ಕಡೆಗೆ ಬಾಗಿಲು ತೆರೆಯಲು ನೆರವಾದದ್ದು ಲೋಹದ ಕೀಲಿಕೈ.

ಅದು ಸಣ್ಣ ಕಂಪನಿ, ದೊಡ್ಡವರಲ್ಲಿ ಹೀಗಾಗುವುದಿಲ್ಲ ಎಂದು ತಮ್ಮ ವಾದಿಸುತ್ತಾನೆ. 2021ರ ಅಕ್ಟೋಬರ್ 4ರ ರಾತ್ರಿ ಊರಿನಲ್ಲಿ ವಾಟ್ಸ್‌ಆಪ್ ನಿಂತುಹೋದದ್ದು ಅವನಿಗೆ ನೆನಪಿರಬಹುದು. ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶದಿಂದ ವಾಟ್ಸ್‌ಆಪಿನ ಒಡೆತನವಿರುವ ಫೇಸ್‌ಬುಕ್ ಕಂಪನಿಯ ಒಳಜಾಲವೇ ಕಡಿದುಹೋಗಿ, ಅವರ ಎಲ್ಲ ಸೇವೆಗಳೂ ಸುಮಾರು ಆರು ಗಂಟೆ ಸ್ತಬ್ಧವಾದವು. ಅದನ್ನು ಸರಿಪಡಿಸಲು ಓಡಿಬಂದ ಸಿಬ್ಬಂದಿಯಲ್ಲಿ ಕೆಲವರಿಗೆ ಕಚೇರಿಯ ಬಾಗಿಲೇ ತೆರೆಯಲಿಲ್ಲವೆಂದು ಪತ್ರಿಕೆಗಳು ವರದಿ ಮಾಡಿದವು, ಏಕೆಂದರೆ ಗುರುತಿನ ಚೀಟಿಯನ್ನು ಪರೀಕ್ಷಿಸುವ ವ್ಯವಸ್ಥೆಯೂ ಅದೇ ಜಾಲದ ಮೇಲೆ ನಿಂತಿತ್ತು. ಜಗತ್ತಿನ ಅತಿ ಹೆಚ್ಚು ಸಂಬಳದ ಇಂಜಿನಿಯರುಗಳ ಪೈಕಿಯವರೇ ಹೊಸ್ತಿಲಾಚೆ ನಿಲ್ಲಬೇಕಾಗಿ ಬಂದಮೇಲೆ ನಮ್ಮ ಪಾಡೇನು?

ಇನ್ನು ಇಂಥ ವಸ್ತುಗಳು ಹುಟ್ಟುವ ಬಗೆಯನ್ನು ಹೇಳುತ್ತೇನೆ. ಇಲ್ಲಿ ನಾನಿರುವ ಕಂಪನಿಯೂ ಮನೆಬಳಕೆಯ ಉಪಕರಣಗಳಿಗೆ ಸಾಫ್ಟ್‌ವೇರ್ ಬರೆಯುತ್ತದೆ. ಅಲ್ಲಿ ಒಮ್ಮೆ ಬಾಗಿಲಿನ ಉಪಕರಣವೊಂದರ ವಿನ್ಯಾಸದ ಬಗ್ಗೆ ಸಭೆ ಸೇರಿತು. ಬ್ಯಾಟರಿ ಮುಗಿದಾಗ ಒಳಗಿರುವವರ ಗತಿಯೇನು ಎಂಬ ಪ್ರಶ್ನೆ ಬಂದಾಗ ಯಾರೋ ‘ಅದನ್ನು ಟಿಕೆಟ್ ಮಾಡಿ ಇಡೋಣ’ ಎಂದರು, ಅಂದರೆ ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿಗೆ ಸೇರಿಸೋಣ ಎಂದು, ಎಲ್ಲರೂ ತಲೆಯಾಡಿಸಿದರು, ಪ್ರಶ್ನೆ ಅಲ್ಲಿಗೆ ಮುಗಿಯಿತು. ಬಾಗಿಲು ತೆರೆದಾಗ ಹೊತ್ತಿಕೊಳ್ಳುವ ಸಾಸಿವೆ ಕಾಳಿನಷ್ಟು ದೀಪ ಹಸಿರಾಗಿರಬೇಕೇ ನೀಲಿಯಾಗಿರಬೇಕೇ ಎಂಬುದು ಬಂದೊಡನೆ ಮಾತ್ರ ಸಭೆಗೆ ಜೀವ ಬಂದಿತು. ಹಸಿರು ಕಂಡರೆ ಒಳಗೆ ಬನ್ನಿ ಎಂದು ಕಳ್ಳನನ್ನು ಕರೆದಂತೆ ಎಂದು ಒಬ್ಬರು, ನೀಲಿ ನಮ್ಮ ಪ್ರತಿಸ್ಪರ್ಧಿಯ ಬಣ್ಣ ಎಂದು ಇನ್ನೊಬ್ಬರು, ಬಣ್ಣವನ್ನು ಗಿರಾಕಿಯೇ ಆರಿಸಿಕೊಳ್ಳುವಂತೆ ಮಾಡಿ ಅದಕ್ಕೆ ತಿಂಗಳ ಶುಲ್ಕ ವಿಧಿಸೋಣ ಎಂದು ಮೂರನೆಯವರು. ಮಧ್ಯಾಹ್ನವೆಲ್ಲ ಕಳೆಯಿತು. ಬ್ರಿಟಿಷ್ ಇತಿಹಾಸಕಾರ ಸಿ. ನಾರ್ತ್‌ಕೋಟ್ ಪಾರ್ಕಿನ್ಸನ್ 1957ರಲ್ಲೇ ಇದನ್ನು ಹಾಸ್ಯ ಮಾಡಿ ಬರೆದಿದ್ದಾರೆ: ಅವರು ಕಲ್ಪಿಸಿದ ಸಮಿತಿಯೊಂದು ಒಂದು ಕೋಟಿ ಪೌಂಡಿನ ಅಣುಸ್ಥಾವರಕ್ಕೆ ಎರಡೂವರೆ ನಿಮಿಷಗಳಲ್ಲಿ ಮಂಜೂರಾತಿ ಕೊಟ್ಟು, ಗುಮಾಸ್ತರ ಸೈಕಲ್ ನಿಲ್ಲಿಸುವ 350 ಪೌಂಡಿನ ಚಪ್ಪರದ ಬಗ್ಗೆ ಮುಕ್ಕಾಲು ಗಂಟೆ ಕಾದಾಡುತ್ತದೆ. ನೀವು ಸಹಕಾರ ಸಂಘದ ನಿರ್ದೇಶಕರಾಗಿದ್ದಾಗ ಗೊಬ್ಬರದ ಸಾಲ ಕ್ಷಣದಲ್ಲಿ ಮಂಜೂರಾಗಿ, ವಾರ್ಷಿಕ ಸಭೆಗೆ ಉಪ್ಪಿಟ್ಟೋ ಅವಲಕ್ಕಿಯೋ ಎಂಬುದಕ್ಕೆ ಸಂಜೆಯಾಗುತ್ತಿತ್ತೆಂದು ಹೇಳುತ್ತಿದ್ದಿರಿ. ನಮ್ಮ ಸಭೆಯಲ್ಲಿ ಉಪ್ಪಿಟ್ಟೂ ಇರುವುದಿಲ್ಲ.

ಕೆಲಸದ ಅಂದಾಜು ಮಾಡುವ ಕ್ರಮವನ್ನು ಕೇಳಿದರೆ, ಕನ್ನಡ ಮೇಷ್ಟರಾಗಿದ್ದ ನಿಮಗೆ ಸ್ವಲ್ಪ ಹಿತವಾಗಬಹುದು. ಯಾವ ಕೆಲಸಕ್ಕೂ ನಾವು ಇಷ್ಟು ದಿನ ಹಿಡಿಯುತ್ತದೆ ಎಂದು ಹೇಳುವುದಿಲ್ಲ, ‘ಪಾಯಿಂಟ್’ ಕೊಡುತ್ತೇವೆ. ಆ ಪಾಯಿಂಟುಗಳು ಒಂದು, ಎರಡು, ಮೂರು, ಐದು, ಎಂಟು, ಹದಿಮೂರು ಎಂದು ಏರುತ್ತವೆ. ಜೈನ ವಿದ್ವಾಂಸರಾದ ಹೇಮಚಂದ್ರಾಚಾರ್ಯರು 12ನೆಯ ಶತಮಾನದಲ್ಲಿ ಛಂದಸ್ಸಿನ ಮಾತ್ರಾವೃತ್ತಗಳ ಬಗೆಗಳನ್ನು ಎಣಿಸುವಾಗ ವಿವರಿಸಿದ ಶ್ರೇಣಿಯೇ ಇದು. ಅವರು ಎಣಿಸಿದ್ದಕ್ಕೆ ಅರ್ಥವಿತ್ತು. ನಾವು ಒಂದು ಪಾಯಿಂಟಿಗೆ ಎಷ್ಟು ದಿನವೆಂದು ಕೇಳುವುದನ್ನು ಅಸಭ್ಯತೆಯೆಂದು ಭಾವಿಸುತ್ತೇವೆ, ಮೇಲಧಿಕಾರಿಗಳು ಮಾತ್ರ ಗುಟ್ಟಾಗಿ ಅದನ್ನು ದಿನಗಳಿಗೆ ಪರಿವರ್ತಿಸಿ ತಮ್ಮ ಮೇಲಧಿಕಾರಿಗಳಿಗೆ ತಾರೀಖು ಕೊಟ್ಟಿರುತ್ತಾರೆ. ಆ ತಾರೀಖು ಹತ್ತಿರವಾದಾಗ ಕಡಿಮೆಯಾಗುವುದು ಬಾಗಿಲು ತೆರೆಯುತ್ತದೆಯೇ ಎಂಬ ಪರೀಕ್ಷೆಯೇ ಹೊರತು ದೀಪದ ಬಣ್ಣಗಳಲ್ಲ.

ಪ್ರತಿದಿನವೂ ನಿಂತುಕೊಂಡು ನಡೆಸಬೇಕಾದ ಸಭೆಯೊಂದಿದೆ. ಕಾಲು ನೋಯುವುದರಿಂದ ಮಾತು ಬೇಗ ಮುಗಿಯಲಿ ಎಂಬುದು ಅದರ ಮೂಲ ತತ್ತ್ವ. ಈಗ ಎಲ್ಲರೂ ಪರದೆಯ ಮುಂದೆ ಕುಳಿತೇ ನಿಂತಿರುತ್ತೇವೆ. ಇಲ್ಲಿ ರಾತ್ರಿ ಎಂಟೂವರೆಯಾದಾಗ ಬೆಂಗಳೂರಿನಲ್ಲಿ ಮರುದಿನದ ಬೆಳಗಿನ ಹತ್ತು. ಅಲ್ಲಿಯ ಸಹೋದ್ಯೋಗಿಗಳಲ್ಲಿ ಕೆಲವರು ಬೆಳ್ಳಂದೂರಿನ ದಟ್ಟಣೆಯಲ್ಲಿ ಸಿಕ್ಕಿಕೊಂಡು ಕ್ಯಾಬಿನೊಳಗಿಂದಲೇ ಸಭೆಗೆ ಸೇರುತ್ತಾರೆ. ‘ನಿನ್ನೆ ಏನು ಮಾಡಿದೆ, ಇಂದು ಏನು ಮಾಡುತ್ತೀಯೆ, ಏನಾದರೂ ಅಡ್ಡಿಯಿದೆಯೇ’ ಎಂಬ ಮೂರು ಪ್ರಶ್ನೆಗಳಲ್ಲಿ ಮೂರನೆಯದಕ್ಕೆ ಅವರ ಹಿಂದಿನ ಹಾರ್ನುಗಳೇ ಉತ್ತರ ಕೊಡುತ್ತವೆ.

ಇದರ ಮೇಲೆ ಸರದಿಯ ಕಾವಲೂ ಇದೆ. ಸರದಿ ಬಂದವರು ಮೊಬೈಲನ್ನು ತಲೆದಿಂಬಿನ ಪಕ್ಕದಲ್ಲಿಟ್ಟು ಮಲಗಬೇಕು, ಸರ್ವರ್, ಅಂದರೆ ಮೇಲೆ ಹೇಳಿದಂಥ ದೂರದ ಕಂಪ್ಯೂಟರ್, ಕುಸಿದರೆ ಮೊಬೈಲು ಕಿರುಚುತ್ತದೆ. ಶುಕ್ರವಾರ ಮಧ್ಯಾಹ್ನದ ಮೇಲೆ ಹೊಸ ಸಾಫ್ಟ್‌ವೇರನ್ನು ಬಿಡುಗಡೆ ಮಾಡಬಾರದೆಂಬ ನಿಯಮವನ್ನು ನಮ್ಮಲ್ಲಿ ರಾಹುಕಾಲಕ್ಕಿಂತ ಹೆಚ್ಚಿನ ನಿಷ್ಠೆಯಿಂದ ಪಾಲಿಸುತ್ತಾರೆ, ಏಕೆಂದರೆ ಕೆಟ್ಟರೆ ಶನಿವಾರ ಭಾನುವಾರಗಳು ಹಾಳಾಗುತ್ತವೆ. ತಾವು ಬರೆದದ್ದರ ಮೇಲೆ ಬರೆದವರಿಗೇ ಎಷ್ಟು ಭರವಸೆಯಿದೆಯೆಂದು ಇದರಿಂದ ನೀವು ಊಹಿಸಿಕೊಳ್ಳಬಹುದು. ಏನಾದರೂ ಕೆಟ್ಟ ಮೇಲೆ ನಡೆಯುವ ವಿಚಾರಣೆಯಲ್ಲಿ ಯಾವ ವ್ಯಕ್ತಿಯನ್ನೂ ದೂರಬಾರದು, ತಪ್ಪು ಪ್ರಕ್ರಿಯೆಯದೆಂದೇ ಬರೆಯಬೇಕು. ಇದು ಒಳ್ಳೆಯ ಪದ್ಧತಿಯೆಂದೇ ನಾನು ನಂಬಿದ್ದೇನೆ. ಭಯವಿದ್ದರೆ ಜನ ತಪ್ಪನ್ನು ಮುಚ್ಚಿಡುತ್ತಾರೆ. ಆದರೂ ಮಳೆಯಲ್ಲಿ ಜಗಲಿಯ ಮೇಲೆ ನೆನೆಯುತ್ತ ನಿಂತ ಅಮ್ಮನಿಗೆ, ತಪ್ಪು ಪ್ರಕ್ರಿಯೆಯದು ಎಂದು ನಾನು ಯಾವ ಮುಖ ಇಟ್ಟುಕೊಂಡು ಹೇಳಲಿ?

ಕಳೆದ ತಿಂಗಳ 20ರಂದು, ನೀವೆಲ್ಲ ನರಕ ಚತುರ್ದಶಿಯ ಅಭ್ಯಂಜನ ಮುಗಿಸಿ ಮಧ್ಯಾಹ್ನದ ಊಟಕ್ಕೆ ಏಳುವ ಹೊತ್ತಿಗೆ, ಉತ್ತರ ವರ್ಜೀನಿಯಾದಲ್ಲಿರುವ ಅಮೆಜಾನ್‌ನ ಕಂಪ್ಯೂಟರ್ ಕೇಂದ್ರಗಳ ಸೇವೆ ಕುಸಿಯಿತು. ಸೇವೆಯ ಹೆಸರು ಕೊಟ್ಟರೆ ಅದರ ಇಂಟರ್‌ನೆಟ್ ವಿಳಾಸ ತೋರಿಸಬೇಕಾದ ದಾಖಲೆಯಲ್ಲಿ ಒಂದು ನಮೂದು ಖಾಲಿಯಾದದ್ದೇ ಅದರ ಮೂಲ. ಬ್ಯಾಂಕುಗಳೂ ಆಟಗಳೂ ನಿಂತದ್ದು ಸಹಜ. ನಾನು ನಗುವುದೋ ಅಳುವುದೋ ತಿಳಿಯದೆ ಕುಳಿತದ್ದು ಹಾಸಿಗೆಗಳ ಸುದ್ದಿಯನ್ನು ಓದಿ. ಇಲ್ಲಿ ಏಟ್ ಸ್ಲೀಪ್ ಎಂಬ ಕಂಪನಿ, ಮಲಗಿದವರ ಮೈಬಿಸಿಯನ್ನು ಅರಿತು ತಾನೇ ತಣ್ಣಗೋ ಬೆಚ್ಚಗೋ ಆಗುವ ಹಾಸಿಗೆಯ ಹೊದಿಕೆಯನ್ನು ಎರಡು ಸಾವಿರ ಡಾಲರಿಗೂ ಹೆಚ್ಚಿನ ಬೆಲೆಗೆ ಮಾರುತ್ತದೆ. ವರ್ಜೀನಿಯಾದ ಸಂಪರ್ಕ ತಪ್ಪಿದ ಆ ರಾತ್ರಿ ಕೆಲವರ ಹಾಸಿಗೆ ಬಿಸಿಯಾಗಿ ಆರಿಸಲು ಬಾರದಾಯಿತು, ಇನ್ನು ಕೆಲವರದು ತಲೆಯ ಕಡೆ ಎದ್ದದ್ದು ಇಳಿಯಲೊಲ್ಲದು. ಕಂಪನಿಯ ಮುಖ್ಯಸ್ಥರು ಕ್ಷಮೆ ಕೇಳಿ, ಇಂಟರ್‌ನೆಟ್ ಇಲ್ಲದಾಗಲೂ ಹಾಸಿಗೆಯನ್ನು ಹತ್ತಿರದಿಂದಲೇ ನಿಯಂತ್ರಿಸುವ ಸೌಲಭ್ಯವನ್ನು ಕೆಲವೇ ದಿನಗಳಲ್ಲಿ ಸೇರಿಸಿದರು. ಹಾಸಿಗೆಯ ಪಕ್ಕದಲ್ಲಿರುವವನ ಮಾತನ್ನು ಹಾಸಿಗೆ ಕೇಳಬೇಕೆಂಬುದು ಅಷ್ಟು ಹಣ ಕೊಟ್ಟವರ ನಿದ್ದೆ ಕೆಟ್ಟ ಮೇಲೆ ಹೊಳೆಯಿತು.

ಹೇಳುತ್ತ ಹೋದರೆ ಇಂಥವು ಮುಗಿಯುವುದಿಲ್ಲ. 2019ರಲ್ಲಿ ನೈಕಿಯವರು ತಾನೇ ಲಾಡಿ ಬಿಗಿದುಕೊಳ್ಳುವ 350 ಡಾಲರಿನ ಬೂಟನ್ನು ತಂದಾಗ, ಕೆಲವರ ಒಂದು ಕಾಲಿನ ಬೂಟು ಮೊಬೈಲಿನ ಮಾತು ಕೇಳುವುದನ್ನೇ ಬಿಟ್ಟಿತು. 2022ರಲ್ಲಿ ಬಿಎಂಡಬ್ಲ್ಯೂ ಕಂಪನಿ, ಕಾರಿನೊಳಗೆ ಆಗಲೇ ಅಳವಡಿಸಿದ್ದ ಆಸನ ಬಿಸಿಮಾಡುವ ಸಾಧನವನ್ನು ಬಳಸಲು ಕೆಲವು ದೇಶಗಳಲ್ಲಿ ತಿಂಗಳ ಬಾಡಿಗೆ ಕೇಳಿ, ಮರುವರ್ಷ ಜನರ ಸಿಟ್ಟಿಗೆ ಮಣಿದು ಕೈಬಿಟ್ಟಿತು. ನನಗೆ ಅತ್ಯಂತ ಪ್ರಿಯವಾದದ್ದು ಸ್ಯಾನ್ ಫ್ರಾನ್ಸಿಸ್ಕೋದ ಜ್ಯೂಸೆರೋ. 2016ರಲ್ಲಿ 699 ಡಾಲರಿಗೆ ಬಂದ ಈ ಯಂತ್ರ, ಕಂಪನಿಯೇ ಮಾರುವ ಹೆಚ್ಚಿದ ಹಣ್ಣುತರಕಾರಿಯ ಚೀಲವನ್ನು ಹಿಂಡಿ ರಸ ಕೊಡುತ್ತಿತ್ತು. ಚೀಲದ ಮೇಲಿನ ಗುರುತನ್ನು ಇಂಟರ್‌ನೆಟ್ಟಿನಲ್ಲಿ ಪರಿಶೀಲಿಸಿ, ಅವಧಿ ಮೀರಿದ್ದರೆ ಹಿಂಡಲು ನಿರಾಕರಿಸುತ್ತಿತ್ತು. ಮರುವರ್ಷ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆಯ ವರದಿಗಾರರು ಚೀಲವನ್ನು ಕೈಯಲ್ಲೇ ಹಿಂಡಿ, ಹೆಚ್ಚುಕಡಿಮೆ ಅಷ್ಟೇ ರಸವನ್ನು ಅಷ್ಟೇ ಹೊತ್ತಿನಲ್ಲಿ ತೆಗೆದು ತೋರಿಸಿದರು. ಆ ಸೆಪ್ಟೆಂಬರಿನಲ್ಲಿ ಕಂಪನಿ ಬಾಗಿಲು ಹಾಕಿತು. ಅಷ್ಟರೊಳಗೆ ಹೂಡಿಕೆದಾರರು ಅದರಲ್ಲಿ ಹತ್ತಿರಹತ್ತಿರ 12 ಕೋಟಿ ಡಾಲರ್ ಸುರಿದಿದ್ದರು.

ಕಂಪನಿ ಮುಳುಗದಿದ್ದರೂ ವಸ್ತು ಸಾಯಬಹುದೆಂಬುದನ್ನು ತಮ್ಮನಿಗೆ ಒತ್ತಿ ಹೇಳಿರಿ. ಮನೆಯ ದೀಪ, ಬೀಗ ಮುಂತಾದವನ್ನು ಒಂದೇ ಕಡೆಯಿಂದ ನಡೆಸುವ ರಿವಾಲ್ವ್ ಎಂಬ 299 ಡಾಲರಿನ ಪೆಟ್ಟಿಗೆಯನ್ನು ತಯಾರಿಸುತ್ತಿದ್ದ ಸಂಸ್ಥೆಯನ್ನು 2014ರಲ್ಲಿ ಗೂಗಲ್ ಒಡೆತನದ ನೆಸ್ಟ್ ಕೊಂಡುಕೊಂಡಿತು. 2016ರ ಮೇ ತಿಂಗಳಿನಲ್ಲಿ ಸರ್ವರನ್ನು ಮುಚ್ಚಿದ ಮೇಲೆ ಜನರ ಮನೆಗಳಲ್ಲಿದ್ದ ಆ ಪೆಟ್ಟಿಗೆಗಳು ಯಾವ ದೋಷವೂ ಇಲ್ಲದೆ ನಿಷ್ಪ್ರಯೋಜಕವಾದವು. ಅಜ್ಜಯ್ಯ ತಂದ ಹಿತ್ತಾಳೆಯ ಬೀಗವನ್ನು ಮಾಡಿದವರು ಇಂದು ಇದ್ದಾರೋ ಇಲ್ಲವೋ ಯಾರು ಬಲ್ಲರು? ಬೀಗಕ್ಕಂತೂ ಅದರ ಚಿಂತೆಯಿಲ್ಲ.

ಇದನ್ನು ಓದಿ ತಮ್ಮ, ಅಕ್ಕ ಊರು ಬಿಟ್ಟ ಮೇಲೆ ಹಳೆಗಾಲದವಳಾದಳು ಎನ್ನುತ್ತಾನೆ. ಹಾಗಲ್ಲ. ತೋಟದ ಪಂಪಿಗೆ ಅವನು ಹಾಕಿಸಿದ ಮೊಬೈಲ್ ಸ್ಟಾರ್ಟರನ್ನು ನಾನು ಮನಸಾರೆ ಮೆಚ್ಚುತ್ತೇನೆ. ತ್ರೀ ಫೇಸ್ ಕರೆಂಟು ನಡುರಾತ್ರಿ ಬಂದಾಗ ನೀವು ಟಾರ್ಚ್ ಹಿಡಿದು, ಹಾವುಹುಳಕ್ಕೆ ಹೆದರುತ್ತ ಹಳ್ಳದವರೆಗೆ ಇಳಿಯುತ್ತಿದ್ದ ಕಷ್ಟವನ್ನು ಅದು ತಪ್ಪಿಸಿತು. ಸಿಗ್ನಲ್ ಸಿಗದ ದಿನ ಅಲ್ಲಿಗೇ ಹೋಗಿ ಗುಂಡಿ ಒತ್ತಿದರೂ ಪಂಪು ಓಡುತ್ತದೆ. ಹೆಬ್ಬಾಗಿಲಿನ ವಿಷಯದಲ್ಲಿ ಅಂಥ ಯಾವ ಕಷ್ಟವಿದೆ? ಹಗಲೆಲ್ಲ ಅದು ತೆರೆದೇ ಇರುತ್ತದೆ, ಮನೆಯಲ್ಲಿ ಯಾರಾದರೂ ಇದ್ದೇ ಇರುತ್ತಾರೆ, ರಾತ್ರಿ ಒಳಗಿನಿಂದ ಅಗುಳಿ ಹಾಕಿದರೆ ಮುಗಿಯಿತು. ಮಳೆಗಾಲದಲ್ಲಿ ಮರ ಉಬ್ಬಿ ಬಾಗಿಲು ಹೆಗಲು ಕೊಟ್ಟು ತಳ್ಳುವವರೆಗೆ ಕದಲುವುದಿಲ್ಲ. ಪೆನ್ಸಿಲ್ ಸೆಲ್ಲುಗಳ ಬಲದಿಂದ ನಡೆಯುವ ಬೀಗ ಅದಕ್ಕೆ ಏನು ಮಾಡೀತು? ಕರೆಂಟು ಹೋಗಿ ವೈಫೈ ಆರಿದ ರಾತ್ರಿಗಳ ಲೆಕ್ಕ ನಿಮಗೇ ಗೊತ್ತು. ಅಡಕೆ ಸುಲಿತ ಶುರುವಾದರೆ ಚೊಗರು ಹತ್ತಿ ಸವೆದ ಬೆರಳುಗಳನ್ನು ಪಡಿತರ ಅಂಗಡಿಯ ಯಂತ್ರವೇ ಗುರುತಿಸದೆ ಅಮ್ಮನಿಗೆ ಮತ್ತೆ ಮತ್ತೆ ಒರೆಸಿ ಒತ್ತಲು ಹೇಳುತ್ತದೆ. ಮನೆಯ ಬಾಗಿಲಲ್ಲೂ ಅದೇ ಪರೀಕ್ಷೆ ಏಕೆ?

ಹೊಸ ಬೀಗ ಬೇಕೇ ಬೇಕೆಂದು ಅವನು ಹಟ ಹಿಡಿದರೆ, ಹೊರಗಿನಿಂದ ಲೋಹದ ಕೀಲಿಕೈ ಹಾಕಲು ರಂಧ್ರವಿರುವ, ವೈಫೈ ಇಲ್ಲದೆಯೂ ತೆರೆಯುವ, ಸೆಲ್ಲು ಮುಗಿದರೂ ಒಳಗಿನಿಂದ ಕೈಯಲ್ಲಿ ತಿರುಗಿಸಬಹುದಾದುದನ್ನು ತರಿಸಿ ಮೊದಲು ಅಡಕೆ ಉಗ್ರಾಣಕ್ಕೆ ಹಾಕಿ ಒಂದು ಮಳೆಗಾಲ ನೋಡಲಿ. ಆಗಲೇ ಹಣ ಕಟ್ಟಿ ತರಿಸಿಬಿಟ್ಟಿದ್ದರೆ ಪೆಟ್ಟಿಗೆಯ ಮೊಹರನ್ನು ಒಡೆಯದೆ ಇಟ್ಟು, ಬಿಲ್ಲಿನ ಫೋಟೋವನ್ನೂ ವಾರಂಟಿ ಪುಟವನ್ನೂ ನನಗೆ ಕಳುಹಿಸಲಿ. ಹಿಂದಿರುಗಿಸುವ ಗಡುವು ಮೀರುವ ಮೊದಲು ಓದಿ ತಿಳಿಸುತ್ತೇನೆ. ಬಾಗಿಲಿಗೆ ರಂಧ್ರ ಕೊರೆಯಲು ಆಚಾರರನ್ನು ಮಾತ್ರ ಸದ್ಯಕ್ಕೆ ಕರೆಸಬೇಡಿ.

ಅಮ್ಮನಿಗೆ ನನ್ನ ನಮಸ್ಕಾರಗಳು, ತಮ್ಮನಿಗೆ ಆಶೀರ್ವಾದಗಳು.

ಇತಿ ನಿಮ್ಮ ಪ್ರೀತಿಯ ಮಗಳು