ನೀರಿಲ್ಲದೆ ಆರುವ ಕಡ್ಡಿ

ಅಪ್ಪನಿಗೆ ನಮಸ್ಕಾರ,

ನಾನು ಚೆನ್ನಾಗಿದ್ದೇನೆ. ಮೊನ್ನೆ ಫೋನಿನಲ್ಲಿ ಕೇಳಿದಿರಲ್ಲ, "ನೀರೂ ಇಲ್ಲ, ಗಾಳಿಯೂ ಇಲ್ಲ ಅಂದ್ರೆ ಆ ಇಂಧನ ಕಡ್ಡಿ ಆರೋದು ಹೇಗೆ?" ಅಂತ. ಕಾಲ್ ಕಟ್ಟಾಯ್ತು, ಅದಕ್ಕೇ ಬರೆಯುತ್ತಿದ್ದೇನೆ. ನಾನು ಹೇಳುತ್ತಿದ್ದದ್ದು ಬಾಹ್ಯಾಕಾಶದಲ್ಲಿ ಬಳಸುವ ಅಣು ರಿಯಾಕ್ಟರಿನ ಕಡ್ಡಿ, ಅಂದರೆ ಲೋಹದ ಹೊದಿಕೆಯೊಳಗೆ ಯುರೇನಿಯಂ ಆಕ್ಸೈಡ್ ಗುಳಿಗೆಗಳನ್ನು ಜೋಡಿಸಿದ್ದು.

ಕಾದ ವಸ್ತು ಸುಮ್ನೆ ನಿಂತಲ್ಲೇ ಶಾಖವನ್ನು ಹೊರಗೆ ಸೂಸುತ್ತಿರುತ್ತದೆ. ಬಾಹ್ಯಾಕಾಶದಲ್ಲಿ ಕೊನೆಗೆ ಇದೊಂದೇ ದಾರಿ. 1964ರಲ್ಲಿ ಸೋವಿಯತ್ ದೇಶದಲ್ಲಿ ಶುರುವಾದ ರೊಮಾಷ್ಕಾ ರಿಯಾಕ್ಟರ್‌ನಲ್ಲಿ ಹರಿಯುವ ನೀರಾಗಲಿ ದ್ರವಲೋಹವಾಗಲಿ ಇರಲಿಲ್ಲ. ಶಾಖ ಗಟ್ಟಿ ವಸ್ತುವಿನೊಳಗೇ ಸಾಗಿ ಹೊರಮೈಯಿಂದ ಹೊರಟುಹೋಗುತ್ತಿತ್ತು.

ಒಂದು ಸೆಂಟಿಮೀಟರ್ ದಪ್ಪದ ಕಡ್ಡಿ, ಮೀಟರಿಗೆ 20 ಕಿಲೋವ್ಯಾಟ್ ಶಾಖ ಅಂದುಕೊಳ್ಳಿ. ಮೈ ಕಡುಕಪ್ಪಾಗಿದ್ದು ಸುತ್ತ ತಣ್ಣಗಿದ್ದರೂ, ಅಷ್ಟನ್ನು ಸೂಸಲು ಅದು ಸುಮಾರು 1,560 ಡಿಗ್ರಿ ಸೆಲ್ಸಿಯಸ್‌ಗೆ ಕಾಯಬೇಕು. ಮಾಮೂಲಿ ಜಿರ್ಕೋನಿಯಂ ಹೊದಿಕೆ 1,850ರ ಹತ್ತಿರ ಕರಗುತ್ತದೆ, ಮೆತ್ತಗಾಗುವುದು ಎಷ್ಟೋ ಮೊದಲೇ. ಟಂಗ್‌ಸ್ಟನ್, ಮಾಲಿಬ್ಡಿನಂನಂಥ ಹೆಚ್ಚು ಬಿಸಿ ತಾಳುವ ಲೋಹ ಬೇಕಾಗುತ್ತದೆ.

ಮಜಾ ಇರುವುದು ಇಲ್ಲಿ. ಶಾಖ ದುಪ್ಪಟ್ಟಾದರೆ ಹೊರಮೈಯ ತಾಪಮಾನ ಕೆಲ್ವಿನ್ ಲೆಕ್ಕದಲ್ಲಿ (ಮೈನಸ್ 273 ಡಿಗ್ರಿಯಿಂದ ಎಣಿಸುವ ಲೆಕ್ಕ) ಶೇ 19ರಷ್ಟು ಮಾತ್ರ ಏರುತ್ತದೆ. ಆದರೆ ನಡುವಿಗೂ ಅಂಚಿಗೂ ಇರುವ ವ್ಯತ್ಯಾಸ ಹೆಚ್ಚುಕಡಿಮೆ ಪೂರ್ತಿ ದುಪ್ಪಟ್ಟು. ಕಡ್ಡಿಯನ್ನು ಒಡೆಯುವುದು ಬಿಸಿಯಲ್ಲ, ಆ ವ್ಯತ್ಯಾಸ. ಯುರೇನಿಯಂ ಆಕ್ಸೈಡ್ ಪಿಂಗಾಣಿಯಂಥ ವಸ್ತು, ಶಾಖವನ್ನು ಬೇಗ ದಾಟಿಸುವುದಿಲ್ಲ. ನಮ್ಮ ಈ ಕಡ್ಡಿಯಲ್ಲೇ ವ್ಯತ್ಯಾಸ ನೂರಾರು ಡಿಗ್ರಿ. ನಡುಭಾಗ ಹಿಗ್ಗಲು ನೋಡುತ್ತದೆ, ಅಂಚು ಅಷ್ಟು ಹಿಗ್ಗುವುದಿಲ್ಲ. ಎಳೆತ ತಾಳದೆ ಅಂಚು ಸೀಳುತ್ತದೆ. 100 ಡಿಗ್ರಿ ವ್ಯತ್ಯಾಸವೇ ಅದಕ್ಕೆ ಸಾಕು. ಬಳಸಿದ ಗುಳಿಗೆಯನ್ನು ಅಡ್ಡ ಕೊಯ್ದರೆ ಅಂಚಿನಿಂದ ನಡುವಿನ ಕಡೆಗೆ ಬಿರುಕುಗಳು ಓಡಿರುವುದು ಕಾಣುತ್ತದೆ. ಇದಕ್ಕೆ ಯಾರೂ ಗಾಬರಿಯಾಗುವುದಿಲ್ಲ, ಚೂರುಗಳನ್ನು ಹೊದಿಕೆ ಹಿಡಿದಿಟ್ಟಿರುತ್ತದೆ. ಹೊದಿಕೆ ಹೋಯಿತೋ, ಆಗ ಚಿಂತೆ.

ಕಡ್ಡಿಯನ್ನು ತೆಳ್ಳಗೆ ಮಾಡಿದರೆ? ಮೀಟರಿಗೆ ಅಷ್ಟೇ ಶಾಖವಿದ್ದರೆ ವ್ಯತ್ಯಾಸವೂ ಅಷ್ಟೇ! ಸೂಸುವ ಮೈ ಕಡಿಮೆಯಾಯಿತು ಅನ್ನುವುದು ಬೇರೆ. ಹೆಚ್ಚು ಕಡ್ಡಿಗಳಿಗೆ ಹಂಚಬೇಕು. ಹಂಚಿದರೆ ಇನ್ನೊಂದು ತಲೆನೋವು. ಒಳಸಾಲಿನ ಕಡ್ಡಿಯ ಸುತ್ತ ಇರುವುದೆಲ್ಲ ಕಾದ ಕಡ್ಡಿಗಳೇ, ಕೊಟ್ಟದ್ದರಲ್ಲಿ ಹೆಚ್ಚಿನದು ವಾಪಸ್ ಬರುತ್ತದೆ. ಹೊರಸಾಲಿನದಕ್ಕೆ ಒಂದು ಮಗ್ಗುಲು ಜಾಸ್ತಿ ಬಿಸಿ, ಇನ್ನೊಂದು ಕಡಿಮೆ. ಬಿಸಿ ಮಗ್ಗುಲು ಉದ್ದವಾಗಿ ಕಡ್ಡಿ ಒಳಕ್ಕೆ ಬಾಗುತ್ತದೆ, ಪಕ್ಕದ್ದಕ್ಕೆ ಇನ್ನೂ ಹತ್ತಿರ.

ಸದ್ಯ ನಾನು ಮಾಡುತ್ತಿರುವುದು ಈ ಬಾಗುವಿಕೆಯ ಲೆಕ್ಕವೇ. ನಡುವೆ ಎಷ್ಟು ಜಾಗ ಬಿಡಬೇಕು ಅಂತ ಇಲ್ಲಿ ದಿನಾ ವಾದ. ಜಾಸ್ತಿ ಬಿಡಿ ಅನ್ನುವ ಗುಂಪಿನಲ್ಲಿ ನಾನಿದ್ದೇನೆ.

ಅಮ್ಮನಿಗೆ ಹೇಳಿ, ನಾನು ಆ ಕಡ್ಡಿಗಳ ಹತ್ತಿರವೂ ಹೋಗುವುದಿಲ್ಲ, ಎಲ್ಲ ಕಂಪ್ಯೂಟರಿನಲ್ಲೇ.

ಇಂತಿ ನಿಮ್ಮ ಮಗಳು